ಹನುಮಕ್ಕ ಹೇಳದ ಶರಭ

ನಿಘಂಟಿನ ಕೆಲಸಕ್ಕೆ ಹೊಸದಾಗಿ ಸೇರಿದ ಆರು ಜನ ಹುಡುಗ ಹುಡುಗಿಯರು ಹೋದ ತಿಂಗಳು ನನ್ನನ್ನು ಕರೆಸಿ, ಕೊರಳಿಗೊಂದು ಸೇವಂತಿಗೆ ಹಾರ ಹಾಕಿ, "ನಿಮ್ಮ ಅನುಭವ ಹೇಳಿ ಸರ್" ಎಂದರು. ನಾನು ಹತ್ತು ನಿಮಿಷ ಏನೇನೋ ಒಳ್ಳೆಯ ಮಾತಾಡಿ, ಕೊಟ್ಟ ಕೇಸರಿಬಾತು ತಿಂದು ಮನೆಗೆ ಬಂದುಬಿಟ್ಟೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಎದುರು ಕೂತವರ ಕಣ್ಣಲ್ಲಿ ಗೌರವ ಕಂಡರೆ ನನಗೆ ಸುಳ್ಳು ತಾನಾಗಿ ಬರುತ್ತದೆ, ಅದು ಹಳೆಯ ರೋಗ. ಅದಕ್ಕೇ ಈಗ ಕೂತು ನಿಮಗೇ, ಆ ಆರು ಜನಕ್ಕೇ, ಬರೆಯುತ್ತಿದ್ದೇನೆ.

ಬಡ್ತಿ, ಸನ್ಮಾನಗಳ ಮಾತು ಬೇಡ. ನಿವೃತ್ತಿಯ ದಿನ ಹೊದಿಸಿದ ಶಾಲು ಈಗ ನಮ್ಮ ಮನೆಯ ಮಿಕ್ಸಿಗೆ ಹೊದಿಕೆ. ಮೂವತ್ತೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳ್ಳಿ ತಿರುಗಿ, ಜನರ ಬಾಯಲ್ಲಿರುವ ಪದಗಳನ್ನು ಬರೆದುಕೊಂಡು ಬರುವುದು. ಅದಕ್ಕೆ ಅಂಗೈಯಗಲದ ದಪ್ಪ ಕಾಗದದ ಚೀಟಿ ಕೊಡುತ್ತಿದ್ದರು. ಅದರಲ್ಲಿ ಪದ, ಅರ್ಥ, ಊರು, ಹೇಳಿದವರು, ವಯಸ್ಸು ಎಂದು ಐದು ಗೆರೆ. ಆರನೆಯ ಗೆರೆಯನ್ನು ಖಾಲಿ ಬಿಡಬೇಕಿತ್ತು. ಅದು ಪದದ ಮೂಲ ಬರೆಯುವ ಜಾಗ, ಅಲ್ಲಿಗೆ ನಿರ್ದೇಶಕರ ಪೆನ್ನು ಮಾತ್ರ ಇಳಿಯುತ್ತಿತ್ತು.

ನಿರ್ದೇಶಕರು ಈಗ ಇಲ್ಲ. ಇಲ್ಲದವರನ್ನು ಆಡಿಕೊಳ್ಳುವುದು ಸುಲಭ ಎನ್ನುತ್ತೀರಿ. ಇದ್ದಾಗಲೂ ಆಡಿಕೊಳ್ಳುತ್ತಿದ್ದೆವು, ಬಾಗಿಲು ಹಾಕಿಕೊಂಡು. ಅವರಿಗೆ ಶರಭದ ಹುಚ್ಚು. ಶರಭ ಗೊತ್ತಲ್ಲ, ಎಂಟು ಕಾಲು, ಎರಡು ರೆಕ್ಕೆ, ಸಿಂಹದ ಮುಖ. ನರಸಿಂಹನ ಉಗ್ರತೆ ಇಳಿಸಲು ಶಿವ ತಾಳಿದ ರೂಪ ಎಂದು ಪುರಾಣ ಹೇಳುವ ಮೃಗ. ನಮ್ಮ ಮನೆಯವರೂ ಶೈವರೇ, ಶರಭಯ್ಯ ಎಂಬ ಹೆಸರಿನ ದೊಡ್ಡಪ್ಪ ನನಗಿದ್ದರು, ನನಗೆ ಆ ಮೃಗದ ಮೇಲೆ ಯಾವ ಮುನಿಸೂ ಇಲ್ಲ. ಆದರೆ ನಮ್ಮ ನಿರ್ದೇಶಕರಿಗೆ ಕನ್ನಡದ ಅರ್ಧ ಮಾತು ಆ ಮೃಗದ ಹೊಟ್ಟೆಯಿಂದಲೇ ಹುಟ್ಟಿದ್ದು. ಬೆಳಿಗ್ಗೆ ಬಂದವರೇ ಶರಭದ ಚೀಟಿಯನ್ನು ಮೇಜಿನ ನಡುವೆ ಇಟ್ಟು, ನಾವು ತಂದ ಚೀಟಿಗಳನ್ನು ಒಂದೊಂದಾಗಿ ಅದರ ಪಕ್ಕ ಇಡುತ್ತಿದ್ದರು, ಹುಡುಗಿಯ ಫೋಟೊದ ಪಕ್ಕ ಗಂಡುಗಳ ಫೋಟೊ ಇಟ್ಟು ನೋಡುವ ಹಾಗೆ.

ಒಂದು ಬೇಸಿಗೆಯಲ್ಲಿ ಅವರೇ ಜೀಪು ಮಾಡಿಕೊಂಡು ಶಿರಾಕ್ಕೆ ಬಂದರು. ಬಿಸಿಲು ತಾಳದೆ ಬಾಷಾ ಸಾಬರ ಅಂಗಡಿಯಲ್ಲಿ ಶರಬತ್ತು ಕುಡಿದೆವು. ಅರ್ಧ ಲೋಟ ಇಳಿದಿತ್ತು, ನಿರ್ದೇಶಕರ ಮುಖ ಬೆಳಗಿತು. "ನರಸಿಂಹನನ್ನು ತಣ್ಣಗೆ ಮಾಡಿದ್ದು ಶರಭ. ಹೊಟ್ಟೆ ತಣ್ಣಗೆ ಮಾಡೋದು ಶರಬತ್ತು. ಬರ್ಕೊಳ್ರೀ!" ಎಂದರು. ನಾನು ಬಾಷಾ ಸಾಬರ ಮುಖ ನೋಡಿದೆ. ಅವರು ನಿಂಬೆಹಣ್ಣು ಹಿಂಡುವುದನ್ನು ನಿಲ್ಲಿಸಲಿಲ್ಲ.

"ಕ್ಯಾ ಸಾಬ್, ಇದು ಅರಬ್ಬಿ ಕಡೇ ಮಾತು. ಕುಡ್ಯೋದು ಅಂತ ಅಷ್ಟೇ ಅದರ ಮತ್ಲಬ್ಬು. ಎಂಟು ಕಾಲಿನ ಗಿರಾಕಿ ನಮ್ಮ ದುಕಾನಿಗೆ ಇನ್ನೂ ಬಂದಿಲ್ಲ. ಬಂದ್ರೆ ಕೇಳಿ ಹೇಳ್ತೀನಿ."

ಒಂದು ನಿಘಂಟಿಗೆ ಬೇಕಾದದ್ದೆಲ್ಲ ಆ ಮೂರು ಮಾತಿನಲ್ಲಿತ್ತು. ಪದ ಎಲ್ಲಿಂದ ಬಂತು, ಅಲ್ಲಿ ಅದಕ್ಕೇನು ಅರ್ಥ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಗೆ ಹೇಳಬೇಕು. ನಿರ್ದೇಶಕರು ಜೀಪಿನಲ್ಲಿ ಕೂತ ಮೇಲೆ "ವ್ಯಾಪಾರಸ್ಥರಿಗೆ ಏನು ತಿಳಿಯುತ್ತೆ" ಎಂದರು. ಶರಬತ್ತು ಶರಭದ ಪಕ್ಕ ಹೋಗಿ ಕೂತಿತು.

ಬರಗೂರಿನ ಕಡೆ ಕಡ್ಲೇಕಾಯಿ ಹೊಲದಲ್ಲಿ ಒಬ್ಬ ಹೆಂಗಸು, "ಗಿಡ ಒಣಗಿದ್ಮೇಕೆ ಸರಬರ ಅಂತದೆ ಕಣಪ್ಪ, ಹಾವು ಬಂದ್ರೂ ತಿಳಿಯಾಕಿಲ್ಲ" ಎಂದಿದ್ದಳು. ಕಿವಿಗೆ ಬಿದ್ದ ಸದ್ದನ್ನು ಹಾಗೇ ಪದ ಮಾಡಿಕೊಂಡ ಮಾತು ಅದು. ಆರನೆಯ ಗೆರೆಯಲ್ಲಿ "ಶರಭದ ರೆಕ್ಕೆಯ ಬಡಿತದಿಂದ" ಎಂದು ಬಿತ್ತು. ಸರಬರಾಜನ್ನೂ ಶರಭದ ಪಕ್ಕವೇ ಇಟ್ಟರು, ಅದಂತೂ ಆಡಳಿತದ ಜೊತೆ ಪಾರಸಿಯಿಂದ ಬಂದ ಪದ. ನಾನು ಅಳುಕುತ್ತ ಅದನ್ನು ಹೇಳಿದ್ದಕ್ಕೆ, "ನೀವು ಚೀಟಿ ತರೋರು. ತನ್ನಿ, ಸಾಕು" ಎಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯ ಕಚೇರಿ ನಮ್ಮದು. ಆಮೇಲೆ ನಾನು ಕಟ್ಟಿದೆ, ಇನ್ನೇನು ಮಾಡಲಿ.

ಈಗ ನಿಮ್ಮ ಕೈಯಲ್ಲಿ ಫೋನಿದೆ, ದಿನಕ್ಕೆ ಹತ್ತು ಜನ ಇಂಥದ್ದನ್ನೇ ಬಣ್ಣದ ಅಕ್ಷರದಲ್ಲಿ ಬರೆದು ಕಳಿಸುತ್ತಾರೆ. ನಗುತ್ತೀರಿ. ಆದರೆ ಸದ್ದು ಒಂದೇ ಥರ ಇರುವ ಎರಡು ಪದ ಸಿಕ್ಕಾಗ ಒಳಗೊಳಗೇ ಖುಷಿಯಾಗುತ್ತಲ್ಲ, ಆ ಖುಷಿಯನ್ನು ನಂಬಬೇಡಿ. ಮುಖ ಹೋಲಿದವರೆಲ್ಲ ದಾಯಾದಿಗಳಲ್ಲ. ಶರಬತ್ತಿಗೂ ಸರಬರಕ್ಕೂ ಸರಬರಾಜಿಗೂ ತಂತಮ್ಮ ಊರಿದೆ, ತಂತಮ್ಮ ದಾರಿಯಿದೆ. ದಾರಿ ಹಿಡಿದು ನಡೆಯದೆ ಮುಖ ನೋಡಿ ನೆಂಟಸ್ತಿಕೆ ಹೇಳುವವನು ಮದುವೆ ದಲ್ಲಾಳಿ, ನಿಘಂಟುಕಾರನಲ್ಲ.

ಇಷ್ಟು ಜೋರಾಗಿ ನಿರ್ದೇಶಕರನ್ನು ಬಯ್ಯುವವನು ತಾನೇನು ಕಡಿದು ಗುಡ್ಡೆ ಹಾಕಿದ ಎಂದು ಕೇಳಿ. ಕೇಳಲೇಬೇಕು.

ದಿನಕ್ಕೆ ಮೂವತ್ತು ಚೀಟಿ ತರಬೇಕೆಂಬ ನಿಯಮವಿತ್ತು. ಮೂವತ್ತು ಪದಕ್ಕೆ ಹೊಲ, ಕೆರೆ, ಕಣ, ಅಡುಗೆಮನೆ ಅಂತ ತಿರುಗಿದರೆ ಕಾಲು ಬಿದ್ದುಹೋಗುತ್ತದೆ. ನಾವು ಕಂಡುಕೊಂಡ ಉಪಾಯ ಹೋಟೆಲು. ಕಳ್ಳಂಬೆಳ್ಳದಲ್ಲಾಗಲಿ ಹೊಳವನಹಳ್ಳಿಯಲ್ಲಾಗಲಿ ಬಸ್ಸಿಳಿದ ಕಡೆಯೇ ಒಂದು ಹೋಟೆಲು, ಅಲ್ಲೊಂದು ಬೆಂಚು, ಬೆಂಚಿನ ಮೇಲೆ ಕೆಲಸವಿಲ್ಲದ ನಾಲ್ಕು ಗಂಡಸರು. ಟೀ ಕೊಡಿಸಿದರೆ ಪದ ಕೊಡುತ್ತಿದ್ದರು. ಇವಕ್ಕೆ ನಾವೇ ಹೋಟೆಲ್ ಚೀಟಿ ಎಂದು ಹೆಸರಿಟ್ಟಿದ್ದೆವು.

ಹೊಳವನಹಳ್ಳಿಯಲ್ಲಿ ಒಬ್ಬ ನನಗೆ ಬಸ್ಸು ಹೋದ ಮೇಲೆ ಏಳುವ ಧೂಳಿಗೆ 'ಗುಬ್ರಾಣಿ' ಎನ್ನುತ್ತಾರೆಂದು ಹೇಳಿದ. ನಾನು ಕಣ್ಣಿಗೊತ್ತಿಕೊಂಡು ಬರೆದುಕೊಂಡೆ. ಮೂರು ತಿಂಗಳಾದ ಮೇಲೆ ಅವನೇ ಬಸ್ಸಿನಲ್ಲಿ ಸಿಕ್ಕಿ, "ಅಯ್ಯೋ ಸಾ, ಅದನ್ನ ಬರ್ಕಂಬುಟ್ರಾ? ಇನ್ನೊಂದು ಟೀಗೆ ಅಂತ ಹೇಳ್ಬುಟ್ಟೆ ಕಣ್ ಸಾ!" ಎಂದು ನಕ್ಕ. ಅಷ್ಟರಲ್ಲಿ ನಿರ್ದೇಶಕರು ಗುಬ್ರಾಣಿಗೆ ಒಂದು ಸಂಸ್ಕೃತ ಧಾತು ಹುಡುಕಿ ಬರೆದಾಗಿತ್ತು. ನಾನು ಸುಮ್ಮನಿದ್ದೆ. ಗುಬ್ರಾಣಿ ಇವತ್ತಿಗೂ ನಿಘಂಟಿನಲ್ಲಿದೆ, ಬೇಕಾದರೆ ತೆಗೆದು ನೋಡಿ.

ಒಂದು ವರ್ಷ ಮೇಲಿನಿಂದ ಹೊಸ ನಿಯಮ ಬಂತು. ಚೀಟಿಗಳಲ್ಲೆಲ್ಲ ಗಂಡಸರ ಹೆಸರೇ ಇದೆ, ಊರಿನ ದೊಡ್ಡವರ ಹೆಸರೇ ಇದೆ, ಇನ್ನು ಮುಂದೆ ಪ್ರತಿ ಊರಲ್ಲೂ ಹೆಂಗಸರನ್ನೂ ಕಾಲೋನಿಯವರನ್ನೂ ಕೇಳಿ ಬರೆಯತಕ್ಕದ್ದು ಎಂದು. ಒಳ್ಳೆಯ ನಿಯಮ. ನಾವು ಅದನ್ನು ಹೇಗೆ ಪಾಲಿಸಿದೆವು ಗೊತ್ತೆ? ಗಂಡಸರನ್ನೇ ಕೇಳಿದೆವು, ಹೆಂಗಸರ ಹೆಸರು ಬರೆದೆವು. ಬೆಂಚಿನ ಮೇಲೆ ಕೂತವರನ್ನು "ನಿಮ್ಮೂರ ಕಾಲೋನೀಲಿ ವಯಸ್ಸಾದ ಹೆಂಗಸು ಯಾರಿದ್ದಾರೆ?" ಎಂದು ಕೇಳಿ, ಸಿಕ್ಕ ಹೆಸರನ್ನು ನಾಲ್ಕನೆಯ ಗೆರೆಯಲ್ಲಿ ಇಳಿಸುತ್ತಿದ್ದೆವು. ನಾನೊಬ್ಬನೇ ಅಲ್ಲ, ಎಲ್ಲರೂ. ಎಲ್ಲರೂ ಮಾಡಿದ್ದನ್ನು ತಪ್ಪು ಎನ್ನುವ ಅಭ್ಯಾಸ ಕಚೇರಿಗಳಲ್ಲಿ ಇರುವುದಿಲ್ಲ.

ಆ ವರ್ಷವೇ ಪಾವಗಡದ ಕಡೆಯ ಒಂದು ಊರಿಗೆ ಹೋದೆ. ಊರಿನ ಹೆಸರು ಬೇಡ. ಅಲ್ಲಿ ಹೋಟೆಲಿನ ಹಿಂದೆ ಒಂದು ದೊಡ್ಡ ಬಂಡೆ, ಸರಬನ ಗುಂಡು ಅಂತ ಅದರ ಹೆಸರು. ಬಂಡೆಯ ಆಚೆ ಮಗ್ಗುಲಿಗೆ ಐದು ಮನೆ, ಒಂದು ಬಾವಿ. ಊರಿನ ದೊಡ್ಡಮನೆಯ ರುದ್ರಪ್ಪ ಅವತ್ತು ಬೆಂಚಿನ ಮೇಲಿದ್ದರು. "ಶರಭ ಇಳಿದ ಬಂಡೆ ಅದು. ಮೇಲೆ ಎಂಟು ಹೆಜ್ಜೆ ಗುರುತು ಅವೆ, ಎಂಟೂ ಗುಂಡಗೆ" ಎಂದರು. ಎಂಟು ಎಂದ ಕೂಡಲೇ ನನಗೆ ನಿರ್ದೇಶಕರ ಮುಖ ಕಣ್ಣ ಮುಂದೆ ಬಂತು. ಇಂಥ ಚೀಟಿ ಒಯ್ದರೆ ಒಂದು ವಾರ ನನ್ನನ್ನು ಬಯ್ಯುವುದಿಲ್ಲ. ಬಂಡೆಯ ಕಡೆಯಿಂದ ದುಮ್ ದುಮ್ ಎಂದು ಏನೋ ಕುಟ್ಟುವ ಸದ್ದು ಬರುತ್ತಿತ್ತು. ಏನದು ಎಂದು ನಾನು ಕೇಳಲಿಲ್ಲ.

ಅಷ್ಟರಲ್ಲಿ ಆ ಮನೆಗಳ ಕಡೆಯಿಂದ ಒಬ್ಬ ಹೆಂಗಸು ಬಂದು, ಹೋಟೆಲಿನ ಹೊರಗೇ ನಿಂತು ಬೆಲ್ಲ ಕೇಳಿದಳು. ಹೋಟೆಲಿನವನು "ಇರು ಹನುಮಕ್ಕ" ಎಂದ. ನಾನು ಚೀಟಿ ತೆಗೆದೆ. ಹೇಳಿದವರು: ಹನುಮಕ್ಕ. ಅವಳಿಗೆ ನಲವತ್ತೈದಿರಬಹುದು, ವಯಸ್ಸಾದವರ ಮಾತಿಗೆ ತೂಕ ಹೆಚ್ಚೆಂದು ಅರವತ್ತೈದು ಎಂದು ಬರೆದೆ. ಬೆಲ್ಲ ತೆಗೆದುಕೊಂಡು ಅವಳು ಹೊರಟುಹೋದಳು. ಅವಳ ಮುಖವನ್ನು ನಾನು ಸರಿಯಾಗಿ ನೋಡಿರಲೂ ಇಲ್ಲ.

ಸರಬನ ಗುಂಡು ಎಂಬ ಚೀಟಿಯ ಆರನೆಯ ಗೆರೆಗೆ ಜಾಗ ಸಾಲದೆ, ನಿರ್ದೇಶಕರು ಹಿಂದೆ ತಿರುಗಿಸಿಯೂ ಬರೆದರು. "ಪ್ರಾಚೀನ ಶರಭ ಪೀಠ. ಕಾಲೋನಿಯ ವೃದ್ಧೆಯೊಬ್ಬಳ ಬಾಯಲ್ಲಿ ಈ ನೆನಪು ಇನ್ನೂ ಜೀವಂತವಾಗಿರುವುದು ಗಮನಾರ್ಹ" ಎಂದು. ಅದನ್ನು ಓದಿ ನಾವು ಮೂವರು ಗುಮಾಸ್ತರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನನ್ನ ನಗುವೇ ಎಲ್ಲರಿಗಿಂತ ಜೋರಾಗಿತ್ತು.

ಇಪ್ಪತ್ತೈದು ವರ್ಷ ಕಳೆಯಿತು. ನಿವೃತ್ತನಾಗಿ ಮಧುಗಿರಿಯ ಮನೆಯಲ್ಲಿ ಕೂತು ಊರಿನವರ ತಪ್ಪು ಹುಡುಕುತ್ತಿದ್ದೆ. ಚೀಟಿಗಳನ್ನೆಲ್ಲ ಹೊಸಬರು ಕಂಪ್ಯೂಟರಿಗೆ ಏರಿಸಿದರು. ಹೇಳಿದವರ ಹೆಸರಿನ ಜೊತೆ ಬರೆದುಕೊಂಡವರ ಹೆಸರೂ ಕಾಣುವಂತೆ ಹಾಕಿದರು. ನನಗೆ ಹೆಮ್ಮೆಯೇ ಆಗಿತ್ತು.

ಹೋದ ವರ್ಷ ಒಂದು ಭಾನುವಾರ ಒಬ್ಬ ಹೆಣ್ಣುಮಗಳು ಬಾಗಿಲು ತಟ್ಟಿದಳು. ಹೆಸರು ಮಂಜುಳ, ಪ್ರಾಥಮಿಕ ಶಾಲೆಯ ಮೇಡಂ. ಕೂತುಕೊಳ್ಳಲಿಲ್ಲ. ಫೋನು ಮುಂದೆ ಹಿಡಿದು, "ಸರ್, ಇದು ನೀವು ಬರ್ದಿದ್ದಾ?" ಎಂದಳು. ಸರಬನ ಗುಂಡು. ಹೇಳಿದವರು: ಹನುಮಕ್ಕ.

"ಹೌದು. ಯಾಕಮ್ಮ?"

"ಅವ್ರು ನಮ್ಮಜ್ಜಿ. ರುದ್ರಪ್ಪನೋರ ಮಗ ಈ ಪುಟ ಪ್ರಿಂಟ್ ತೆಗೆಸಿ ತಾಲ್ಲೂಕು ಆಫೀಸಿಗೆ ಕೊಟ್ಟವ್ರೆ. ಅದು ದೇವರ ಜಾಗ, ಐದು ಮನೆ ಎತ್ಸಿ, ಬೇಲಿ ಹಾಕಿ ದೇವಸ್ಥಾನ ಕಟ್ತೀವಿ ಅಂತ. ಕಾಲೋನಿ ಅಜ್ಜೀನೇ ಹೇಳವ್ಳೆ, ಇನ್ನೇನು ಸಾಕ್ಷಿ ಬೇಕು ಅಂತಾವ್ರೆ." ಅವಳ ದನಿ ಅಲ್ಲಿಯವರೆಗೆ ಗಟ್ಟಿಯಾಗಿತ್ತು. "ನಮ್ಮೋರೇ ಅಜ್ಜಿ ಹತ್ರ ಮಾತು ಬಿಟ್ಟವ್ರೆ ಸರ್. ನಮ್ಮ ಮನೆ ನೀನೇ ಕಳ್ದೆ ಅಂತ ನಮ್ಮ ಚಿಕ್ಕಪ್ಪ ಬೈದ್ರು. ಅಜ್ಜಿ, ನಾನು ಯಾರಿಗೂ ಹೇಳಿಲ್ಲ ಅಂತ ಅಳ್ತದೆ. ಆಮೇಲೆ, ಮರ್ತು ಹೇಳ್ಬಿಟ್ಟಿದ್ನೇನೋ ಅಂತ ತಾನೇ ಅನುಮಾನ ಪಡ್ತದೆ. ನಿಜ ಹೇಳಿ ಸರ್, ಅಜ್ಜಿ ನಿಮಗೆ ಹೇಳಿದ್ರಾ?"

ಒಬ್ಬ ಮುದುಕಿ ತನ್ನ ನೆನಪನ್ನೇ ನಂಬದಂತೆ ಮಾಡಿದ್ದೆ ನಾನು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. "ವಿಚಾರಣೆ ಯಾವತ್ತು?" ಎಂದಷ್ಟೇ ಕೇಳಿದೆ.

ತಾಲ್ಲೂಕು ಕಚೇರಿಯ ವಿಚಾರಣೆಯಲ್ಲಿ ಹನುಮಕ್ಕನನ್ನು ಮೊದಲ ಬಾರಿ ಸರಿಯಾಗಿ ನೋಡಿದೆ. ಕುಳ್ಳಗೆ, ಗಟ್ಟಿ ಮೈ, ಕೈ ಮಾತ್ರ ದೊಡ್ಡ ಕೈ. ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮಂಜುಳ ಎದ್ದು, "ಆವಾಗ್ಲೇ ಅರವತ್ತೈದು ಅಂತ ಬರ್ದವ್ರೆ ಮೇಡಂ. ಅಂಗಾದ್ರೆ ಈಗ ತೊಂಬತ್ತಾಗ್ಬೇಕು. ನಮ್ಮಜ್ಜಿಗೆ ಎಪ್ಪತ್ತು" ಎಂದಳು. ರುದ್ರಪ್ಪನ ಮಗನ ಪರವಾಗಿ ಬಂದಿದ್ದ ವಕೀಲರು ನಕ್ಕರು. ಸರ್ಕಾರಿ ಕಾಗದದಲ್ಲಿ ವಯಸ್ಸು ಸರಿಯಾಗಿರುವುದು ಯಾವ ಕಾಲದಲ್ಲಿ ಎಂದರು. ಆಗ ನನ್ನನ್ನು ಕರೆದರು.

"ಈ ಚೀಟಿ ಸುಳ್ಳು. ಈ ತಾಯಿಯನ್ನು ನಾನು ಮಾತಾಡಿಸಿಯೇ ಇಲ್ಲ. ರುದ್ರಪ್ಪನವರು ಹೇಳಿದ್ದನ್ನು ಬರೆದುಕೊಂಡು ಇವರ ಹೆಸರು ಹಾಕಿದೆ" ಎಂದೆ.

ವಕೀಲರು ನಿಧಾನವಾಗಿ ಕನ್ನಡಕ ತೆಗೆದರು. "ಇಂಥ ಚೀಟಿ ಎಷ್ಟು ಬರೆದಿದ್ದೀರಿ?"

"ಲೆಕ್ಕವಿಲ್ಲ."

"ಅವುಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು?"

"ಎಲ್ಲವೂ ನೆನಪಿಲ್ಲ."

"ಮೂವತ್ತು ವರ್ಷ ಸರ್ಕಾರಿ ಕೆಲಸದಲ್ಲಿ ಸುಳ್ಳು ಬರೆದವರು ಇವತ್ತು ಮಾತ್ರ ನಿಜ ಹೇಳ್ತಿದ್ದೀರಿ ಅಂತ ಹೇಗೆ ನಂಬೋಣ?"

ಮನುಷ್ಯ ಸರಿಯಾಗಿಯೇ ಕೇಳಿದ್ದ. ನಾನು ತಪ್ಪೊಪ್ಪಿಕೊಂಡರೆ ಎಲ್ಲ ಸರಿಹೋಗುತ್ತದೆ, ಜನ ಮೆಚ್ಚುತ್ತಾರೆ ಎಂದು ಬಸ್ಸಿನಲ್ಲಿ ಬರುವಾಗ ಅಂದುಕೊಂಡಿದ್ದೆ. ಸುಳ್ಳುಗಾರನ ನಿಜಕ್ಕೆ ಕವಡೆ ಕಿಮ್ಮತ್ತು ಇರುವುದಿಲ್ಲವೆಂದು ಅವತ್ತು ತಿಳಿಯಿತು.

ಹನುಮಕ್ಕನೇ ಎದ್ದಳು. "ಅಮ್ಮಾ, ಆಯಪ್ಪ ಏನಾನ ಬರ್ಕಳ್ಳಿ, ಬುಡು. ಮಾ ಮಾಮ, ಅದೇ ನಮ್ಮ ಮಾವ, ಅವರ ತಾತ ಸರಬಪ್ಪ ಅಂತ. ಊರೊಳಗೆ ಜಾಗ ಕೊಡಲಿಲ್ಲ ಅಂತ ಆ ಗುಂಡಿನ ಮಗ್ಗುಲಾಗೆ ಗುಡಿಸ್ಲು ಹಾಕ್ಕಂಡು ಬಾವಿ ತೋಡಿದ್ದು. ಅವಯ್ಯಂದೇ ಹೆಸರು ಗುಂಡಿಗೆ. ಎಂಟು ಹೆಜ್ಜೆ ಅಂತಾರಲ್ಲ, ಅವು ಹೆಜ್ಜೆ ಅಲ್ಲ ಕಣಮ್ಮ, ಒಳ್ಳು. ಮನೆಗೆ ಸೊಸೆ ಬಂದಂಗೆಲ್ಲ ನವಣೆ ಕುಟ್ಟಾಕೆ ಅಂತ ಒಂದೊಂದು ಒಳ್ಳು ಬಂಡೆ ಮೇಲೇ ಕೊರ್ಸೋದು ನಮ್ಮ ಪದ್ಧತಿ. ಎಂಟನೇದು ನಂದು, ಅದೇ ಕಡೇದು, ಆಮೇಕೆ ಬಂದ ಸೊಸೇರ ಕಾಲಕ್ಕೆ ಮಿಲ್ಲು ಬಂತು. ಬಾ, ನನ್ನ ಒನಕೆ ಐತೆ, ತೋರಿಸ್ತೀನಿ."

ಅಧಿಕಾರಿ ಆ ಮಧ್ಯಾಹ್ನವೇ ಜೀಪು ಹತ್ತಿದರು. ನಾನೂ ಹೋದೆ, ಯಾರೂ ಕರೆಯದಿದ್ದರೂ. ಬಂಡೆಯ ಮೇಲೆ ಎಂಟು ಗುಂಡನೆಯ ಗುಳಿ, ಕುಟ್ಟಿ ಕುಟ್ಟಿ ಕನ್ನಡಿಯಂತೆ ನುಣುಪಾಗಿದ್ದವು. ಶರಭ ಎಂಥ ಮೃಗವೇ ಆಗಲಿ, ಅದರ ಎಂಟು ಪಾದ ಎಂಟು ಅಳತೆಯಲ್ಲಿ ಇರಲಾರದು. ಒಂದೊಂದರ ಆಳವೂ ಬೇರೆ, ಒಬ್ಬೊಬ್ಬ ಸೊಸೆಯ ತೋಳಿಗೆ ತಕ್ಕಂತೆ. ಹನುಮಕ್ಕ ಹಿಡಿ ನವಣೆ ಹಾಕಿ ಒನಕೆ ಎತ್ತಿದಳು. ಐದು ಮನೆಯ ಹೆಂಗಸರೂ ಅತ್ತೆಯ ಒನಕೆ, ಅಜ್ಜತ್ತೆಯ ಒನಕೆ ಎಂದು ತಂದು ತಂತಮ್ಮ ಒಳ್ಳಿನ ಮುಂದೆ ನಿಂತರು. ದುಮ್, ದುಮ್. ಇಪ್ಪತ್ತೈದು ವರ್ಷದ ಹಿಂದೆ ಹೋಟೆಲಿನ ಬೆಂಚಿನ ಮೇಲೆ ಕೂತು ನಾನು ಕೇಳಿದ್ದ ಸದ್ದು ಅದೇ. ಆ ಸದ್ದು ಕಿವಿಗೆ ಬೀಳುತ್ತಿರುವಾಗಲೇ ನಾನು ಈ ಒಳ್ಳುಗಳನ್ನು ಶರಭದ ಹೆಜ್ಜೆ ಎಂದು ಬರೆದಿದ್ದೆ.

ಹನುಮಕ್ಕನಿಗೆ ಬೈದಿದ್ದ ಚಿಕ್ಕ ಮಗ, ಮಂಜುಳನ ಚಿಕ್ಕಪ್ಪ, ಕೆಳಗೆ ನಿಂತಿದ್ದ. ಅವನು ಬಂಡೆ ಹತ್ತಿ ಬಂದು, ಅವಳ ಕೈಯಿಂದ ಒನಕೆ ತೆಗೆದುಕೊಂಡು ತಾನು ಕುಟ್ಟತೊಡಗಿದ. "ಅಂಗಲ್ಲ ಕಣ್ಲಾ, ಒಳ್ಳು ಒಡೀತೀಯ" ಎಂದು ಅವಳು ಬೈದಳು. ಅಧಿಕಾರಿ ಎಂಟು ಗುಳಿಯ ಅಳತೆ ಬರೆಸಿಕೊಂಡರು, ಹೆಂಗಸರ ಹೇಳಿಕೆ ಒಬ್ಬೊಬ್ಬರದಾಗಿ ತಾವೇ ಕೇಳಿ ಬರೆದುಕೊಂಡರು. ಎರಡು ತಿಂಗಳಿಗೆ ಆದೇಶ ಬಂತು. ಬೇಲಿಯ ಅರ್ಜಿ ವಜಾ, ಐದು ಮನೆ ಅಲ್ಲೇ ಇವೆ.

ಅವತ್ತು ಹೊರಡುವಾಗ ನಾನು ಹನುಮಕ್ಕನಿಗೆ ಕೈ ಮುಗಿದೆ. ತಪ್ಪಾಯ್ತು ತಾಯಿ ಎಂದೆ. ಪರವಾಗಿಲ್ಲ ಎನ್ನುತ್ತಾಳೆ ಎಂದು ನನಗೆ ಆಸೆಯಿತ್ತು. ಅವಳು ಅನ್ನಲಿಲ್ಲ.

"ಆವಾಗೆಲ್ಲ ನಾನು ದಿನಾ ಇಲ್ಲೇ ಕುಟ್ತಿದ್ದೆ. ಬಂದು ಕೇಳಿದ್ರೆ ಹೇಳ್ತಿದ್ದೆ. ಬೆಲ್ಲದ ನೀರೂ ಕೊಡ್ತಿದ್ದೆ. ದೂರ ಏನಿತ್ತಪ್ಪ?" ಎಂದು ಕೇಳಿದಳು. ಬೈಗುಳದ ದನಿಯಲ್ಲಿ ಅಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಬಸ್ಸು ಬರಲು ಹೊತ್ತಿತ್ತು. ಹೋಟೆಲು ಈಗ ಮುಚ್ಚಿದೆ, ಕಲ್ಲಿನ ಬೆಂಚು ಮಾತ್ರ ಉಳಿದಿದೆ. ನೀವು ಫೋನು ಹಿಡಿದು ಊರಿಗೆ ಹೋಗುತ್ತೀರಿ, ನಿಮಗೂ ಯಾರಾದರೂ ಬೆಂಚು ತೋರಿಸುತ್ತಾರೆ; ಅದಕ್ಕೇ ಇದನ್ನು ಹೇಳಿ ಮುಗಿಸುತ್ತೇನೆ. ಆ ಬೆಂಚಿನಿಂದ ಹನುಮಕ್ಕನ ಒಳ್ಳಿನವರೆಗೆ ನಾನು ನಡೆದು ಎಣಿಸಿದೆ. ತೊಂಬತ್ತೆರಡು ಹೆಜ್ಜೆ.